ಮನೆಯಲ್ಲಿ ಕಲಿಯುವ ಮಕ್ಕಳೂ ಸ್ವಾತಂತ್ರ್ಯೋತ್ಸವವೂ

ಗೊಟ್ಟಿಗೆರೆಯಿಂದ ನಮ್ಮ ವಾಚಕರೊಬ್ಬರು ಬರೆದಿರುವ ಕಾಗದವೊಂದು ಕಳೆದ ವಾರ ನಮ್ಮ ಕೈಸೇರಿತು. ಅವರೂ ಅವರ ಧರ್ಮಪತ್ನಿಯವರೂ ಉಚ್ಚ ವಿದ್ಯಾಭ್ಯಾಸವನ್ನು ಪಡೆದವರು. ಏಳು ವರ್ಷದ ಮಗಳನ್ನೂ ಐದು ವರ್ಷದ ಮಗನನ್ನೂ ಯಾವ ಶಾಲೆಗೂ ಕಳುಹಿಸದೆ, ಮನೆಯಲ್ಲಿ ತಾವೇ ಓದು ಬರಹ ಲೆಕ್ಕಗಳನ್ನು ಹೇಳಿಕೊಡುತ್ತಿರುವರು. ಆಗಸ್ಟ್ ೧೫ನೆಯ ತಾರೀಖು ಸಮೀಪಿಸುತ್ತಿರಲು ಅವರಿಗೊಂದು ಪ್ರಶ್ನೆ ಹುಟ್ಟಿದೆ. ಶಾಲೆಯ ಮಕ್ಕಳಿಗಾದರೋ ಅಂದು ಧ್ವಜಾರೋಹಣವುಂಟು, ಕವಾಯತು ಉಂಟು, ಹಾಡುಂಟು, ಕೊನೆಯಲ್ಲಿ ಮಿಠಾಯಿಯೂ ಉಂಟು. ತಮ್ಮ ಮಕ್ಕಳಿಂದ ಆ ರಜೆಯ ದಿನ ಏನನ್ನು ಮಾಡಿಸಬೇಕು, ಯಾವ ರೀತಿಯಲ್ಲಿ ಕಲಿಸಬೇಕು ಎಂದು ಕೇಳಿದ್ದಾರೆ. ಗಣಕಯಂತ್ರದಿಂದ ಅಚ್ಚು ತೆಗೆದ ಹತ್ತು ಹನ್ನೆರಡು ಹಾಳೆಗಳನ್ನೂ ಕಾಗದದ ಜತೆಯಲ್ಲಿ ಇಟ್ಟಿದ್ದಾರೆ. ಧ್ವಜಕ್ಕೆ ಬಣ್ಣ ತುಂಬುವುದು, ಚುಕ್ಕಿಗಳನ್ನು ಸೇರಿಸಿ ನವಿಲನ್ನು ಬರೆಯುವುದು, ದೇಶನಾಯಕರ ಚಿತ್ರಗಳಿಗೂ ಹೆಸರುಗಳಿಗೂ ಗೆರೆಯೆಳೆದು ಜೋಡಿಸುವುದು, ಇವೇ ಆ ಹಾಳೆಗಳಲ್ಲಿರುವ ಅಭ್ಯಾಸಗಳು. ಇಷ್ಟು ಸಾಕೇ ಎಂಬುದು ಅವರ ಸಂದೇಹ.

ಸಾಲದೆಂಬುದೇ ನಮ್ಮ ಉತ್ತರ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹೀಗೆ ಮಕ್ಕಳನ್ನು ಮನೆಯಲ್ಲಿಯೇ ಓದಿಸುವ ಕುಟುಂಬಗಳು ಅಲ್ಲಲ್ಲಿ ಕಂಡುಬರುತ್ತಿರುವುದರಿಂದ, ಪ್ರಶ್ನೆಯು ಒಂದು ಮನೆಯದಾಗಿ ಉಳಿದಿಲ್ಲ. ಆದಕಾರಣ ಉತ್ತರವನ್ನು ಅಂಚೆಯಲ್ಲಿ ಕಳುಹಿಸಿ ಸುಮ್ಮನಾಗದೆ ಇಲ್ಲಿ ಬರೆಯುವುದು ಯುಕ್ತವೆಂದು ನಮಗೆ ತೋರಿತು. ದೇಶದ ವಿಷಯವನ್ನು ಪುಸ್ತಕದಿಂದಲೂ ಕೈಕೆಲಸದಿಂದಲೂ ಕಲಿಸುವುದರಲ್ಲಿ ಮನೆಯು ಶಾಲೆಯನ್ನು ಮೀರಿಸಬಲ್ಲದು. ಆದರೆ ದೇಶವೆಂದರೆ ಮೊಟ್ಟಮೊದಲು ನಮ್ಮವರಲ್ಲದ ಜನ. ಅವರನ್ನು ಮನೆಯ ಬಾಗಿಲು ಹಾಕಿಕೊಂಡು ತೋರಿಸಲಾಗದು. ಈ ಎರಡು ಮಾತುಗಳನ್ನೂ ಬಿಡಿಸಿ ಹೇಳಬೇಕಾಗಿದೆ.

ನಾವು ಪಾಠಶಾಲೆಯಲ್ಲಿ ನೆಲದ ಮೇಲೆ ಕುಳಿತು ಅಕ್ಷರ ಕಲಿತು, ಮೆಟ್ರಿಕ್ಯುಲೇಷನ್ನಿಗೆ ಓದನ್ನು ಮುಗಿಸಿದವರು. ಮನೆಯೇ ಶಾಲೆಯೆಂಬ ಮಾತನ್ನು ಮೊದಲು ಕೇಳಿದಾಗ, ಇದು ಅನುಕೂಲಸ್ಥರ ಹೊಸದೊಂದು ಚಪಲವಿರಬೇಕೆಂದು ಎಣಿಸಿದುದನ್ನು ಮುಚ್ಚಿಡುವುದಿಲ್ಲ. ಹಾಗೆಂದು ತಳ್ಳಿಬಿಡುವುದಕ್ಕೂ ಆಗದು. ರವೀಂದ್ರನಾಥ ಠಾಕೂರರು ಬಹುಮಟ್ಟಿಗೆ ಮನೆಯಲ್ಲಿಯೇ ಕಲಿತವರು. ಜವಾಹರಲಾಲ ನೆಹರೂ ಅವರು ೧೯೦೫ರಲ್ಲಿ ಇಂಗ್ಲೆಂಡಿನ ಶಾಲೆಗೆ ಹೋಗುವವರೆಗೆ ಮನೆಯಲ್ಲಿಯೇ ಉಪಾಧ್ಯಾಯರಿಂದ ಪಾಠ ಹೇಳಿಸಿಕೊಂಡರು. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮ ಮಕ್ಕಳನ್ನು ಅಲ್ಲಿಯ ಬಿಳಿಯರ ಶಾಲೆಗಳಿಗೆ ಸೇರಿಸಲು ಒಪ್ಪದೆ, ಜೊಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ನಡೆದು ಹೋಗುವಾಗ ಬರುವಾಗ ದಾರಿಯಲ್ಲಿಯೇ ಅವರಿಗೆ ಪಾಠ ಹೇಳುತ್ತಿದ್ದರು. ಕಾಯಿದೆಯ ಮಾತೆತ್ತುವ ಅಧಿಕಾರಿಗಳಿಗೆ ಒಂದು ವಿಷಯವನ್ನು ನೆನಪಿಸುತ್ತೇವೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಹೇಳಿದೆ. ಮನೆಪಾಠದ ಹೆಸರನ್ನು ಎತ್ತಿಲ್ಲ. ಆ ವ್ಯಾಜ್ಯವನ್ನು ವಕೀಲರಿಗೆ ಬಿಡೋಣ. ‘ನೆರೆಹೊರೆ’ ಎಂಬ ಮಾತನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಅದಕ್ಕೆ ಮುಂದೆ ಕೆಲಸವಿದೆ.

ಮೊದಲು ಹಾಳೆಗಳ ವಿಷಯ. ಮಗು ಬಣ್ಣ ತುಂಬುವುದರಲ್ಲಿ ಕೆಡುಕೇನೂ ಇಲ್ಲ. ಆದರೆ ಹಾಳೆಯಲ್ಲಿ ಮಾತ್ರ ಧ್ವಜವನ್ನು ಕಂಡ ಮಗುವಿಗೆ ಅದು ಮೂರು ಬಣ್ಣದ ಒಂದು ಚಿತ್ರವಾಗಿ ಉಳಿಯುತ್ತದೆ. ಅದು ಬಟ್ಟೆಯೆಂಬುದು, ಬಟ್ಟೆಯನ್ನು ಯಾರೋ ನೇಯ್ದರೆಂಬುದು, ನೇಯುವುದಕ್ಕೆ ಮುಂಚೆ ಯಾರೋ ನೂತರೆಂಬುದು ಮಗುವಿಗೆ ತಿಳಿಯುವುದಿಲ್ಲ. ಬೀಜ ತೆಗೆಯದ ಒಂದು ಹಿಡಿ ಹತ್ತಿಯನ್ನು ತಂದು ಐದು ವರ್ಷದ ಹುಡುಗನ ಮುಂದಿಡಿರಿ. ಅವನು ಬೀಜಗಳನ್ನು ಬಿಡಿಸಿ ಎಣಿಸಲಿ. ಅರ್ಧ ಗಂಟೆ ಅವನು ಸದ್ದಿಲ್ಲದೆ ಕುಳಿತರೆ ಅದೇ ಒಂದು ಲಾಭ. ಏಳು ವರ್ಷದ ಹುಡುಗಿಯ ಕೈಗೆ ತಕಲಿಯನ್ನೂ ಹಂಜಿಯನ್ನೂ ಕೊಡಿರಿ. ನೂಲು ಹತ್ತು ಸಲ ಕಡಿಯುವುದು. ಹನ್ನೊಂದನೆಯ ಸಲ ಮೊಳದುದ್ದ ಬಂದೀತು. ಆ ಮೊಳದುದ್ದದ ನೂಲನ್ನು ಎಳೆದ ಮೇಲೆ, ಅಂಗಡಿಯಲ್ಲಿ ಒಂದು ಗಜ ಖಾದಿಯನ್ನು ಮುಟ್ಟಿ ನೋಡುವ ಮಗುವಿನ ಬೆರಳು ಬೇರೆಯೇ ಆಗಿರುತ್ತದೆ. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಲನದ ಮುಂದೆ ಗಾಂಧೀಜಿಯವರು ಇಟ್ಟ ವಿಚಾರವೂ ಇದೇ, ಕೈಕೆಲಸದ ಮೂಲಕ ಬುದ್ಧಿಗೆ ಪಾಠ. ಶಾಲೆಗಳಲ್ಲಿ ಅದು ಹಾಜರಿ ಪುಸ್ತಕಕ್ಕೂ ಪರೀಕ್ಷೆಗೂ ಬಲಿಯಾಯಿತು. ಮನೆಯಲ್ಲಿ ಹಾಜರಿ ಪುಸ್ತಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಅಲ್ಲಿಯಾದರೂ ಅದು ಬದುಕಿಕೊಳ್ಳಲಿ.

ಲೆಕ್ಕವನ್ನೂ ಧ್ವಜದಿಂದಲೇ ಕಲಿಸಬಹುದು. ಸಂವಿಧಾನ ಸಭೆಯು ೧೯೪೭ರ ಜುಲೈ ೨೨ರಂದು ಅಂಗೀಕರಿಸಿದ ಧ್ವಜದ ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ ಮೂರಕ್ಕೆ ಎರಡು. ಒಂಬತ್ತು ಅಂಗುಲ ಉದ್ದ, ಆರು ಅಂಗುಲ ಅಗಲದ ಕಾಗದವನ್ನು ಕತ್ತರಿಸಿದರೆ ಒಂದೊಂದು ಪಟ್ಟಿಗೂ ಸರಿಯಾಗಿ ಎರಡಂಗುಲ ಬರುವುದು. ಮಗುವೇ ಅಳತೆಪಟ್ಟಿ ಹಿಡಿದು ಗೆರೆ ಹಾಕಲಿ. ನಡುವಣ ಚಕ್ರಕ್ಕೆ ಇಪ್ಪತ್ತನಾಲ್ಕು ಅರೆಗಳು. ದೊಡ್ಡವರೂ ಇದನ್ನು ಬರೆಯುವಾಗ ಇಪ್ಪತ್ತಕ್ಕೋ ಇಪ್ಪತ್ತಾರಕ್ಕೋ ನಿಲ್ಲಿಸಿ ಬಿಡುತ್ತಾರೆ. ವೃತ್ತಾಕಾರದ ಕಾಗದವನ್ನು ನಡುವೆ ಒಮ್ಮೆ ಮಡಿಸಿ, ಆ ಅರ್ಧವನ್ನು ಮೂರು ಸಮಪಾಲಾಗಿ ಮಡಿಸಿ, ಬಂದುದನ್ನು ಮತ್ತೆ ಎರಡು ಸಲ ಅರ್ಧರ್ಧವಾಗಿ ಮಡಿಸಿ ಬಿಡಿಸಿದರೆ, ಮಡಿಕೆಯ ಗೆರೆಗಳು ಇಪ್ಪತ್ತನಾಲ್ಕು. ಎರಡು, ಆರು, ಹನ್ನೆರಡು, ಇಪ್ಪತ್ತನಾಲ್ಕು ಎಂದು ಮಗು ಮಡಿಕೆಗೊಂದು ಸಲ ಹೇಳಿಕೊಂಡರೆ ಮಗ್ಗಿಯೂ ಆಯಿತು.

ಈ ಧ್ವಜದ ಬಟ್ಟೆಯೂ ಕನ್ನಡ ನಾಡಿನದೇ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬಾರದು. ಧಾರವಾಡದ ಹತ್ತಿರದ ಗರಗದ ಖಾದಿಯು ಧ್ವಜದ ಬಟ್ಟೆಗೆ ಹೆಸರಾದುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಭಾರತೀಯ ಮಾನಕ ಸಂಸ್ಥೆಯ ಅಂಗೀಕಾರವನ್ನು ಪಡೆದು, ಮೇಜಿನ ಮೇಲಿಡುವ ಆರಂಗುಲದ ಧ್ವಜದಿಂದ ಹಿಡಿದು ಇಪ್ಪತ್ತೊಂದಡಿ ಉದ್ದದ ಧ್ವಜದವರೆಗೆ ಒಂಬತ್ತು ಅಳತೆಗಳಲ್ಲಿ ಸಿದ್ಧಪಡಿಸುತ್ತಾರೆ. ನೂಲುವವರು, ಹೊಲಿಯುವವರು ಬಹುಪಾಲು ಹೆಂಗಸರು. ೨೦೨೧ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಡಲಾಯಿತು. ಅಗ್ಗವಾಗಿ ಸಿಕ್ಕಿ ಮನೆಮನೆಗೂ ಧ್ವಜ ಬಂದಿತೆಂಬುದು ಒಂದು ವಾದ. ಬಂದಿತು, ನಿಜ. ಆದರೆ ಆ ಹೆಂಗಸರ ಕೈಗಳ ಕೆಲಸ ಕಡಿಮೆಯಾಯಿತೆಂಬ ಮಾತೂ ಅಷ್ಟೇ ನಿಜ. ಚರಕದ ಬಲದಿಂದ ಬಂದ ಸ್ವರಾಜ್ಯದ ಗುರುತನ್ನು ಚರಕದಿಂದ ಬಿಡಿಸಿದುದು ನಮಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಗೊಟ್ಟಿಗೆರೆಯ ತಂದೆತಾಯಿಗಳು ಈ ವರ್ಷ ಒಂದೇ ಒಂದು ಸಣ್ಣ ಖಾದಿಯ ಧ್ವಜವನ್ನು ಕೊಂಡು, ಅದನ್ನು ಮಡಿಸಿಡುವ ಕ್ರಮವನ್ನು ಮಕ್ಕಳಿಗೆ ಕಲಿಸಲಿ. ಅದು ಹತ್ತು ವರ್ಷ ಬಾಳುವುದು.

ಚರಿತ್ರೆಯ ಪಾಠಕ್ಕೆ ಬರೋಣ. ಅಚ್ಚಿನ ಹಾಳೆಗಳಲ್ಲಿ ದಿಲ್ಲಿಯುಂಟು, ದಂಡಿಯುಂಟು, ಕೆಂಪುಕೋಟೆಯುಂಟು. ನಮ್ಮ ಮೈಸೂರು ಸೀಮೆಯ ಹೆಸರು ಒಂದರಲ್ಲಿಯೂ ಇಲ್ಲ. ಮಗುವಿಗೆ ಸ್ವಾತಂತ್ರ್ಯವು ದೂರದ ಊರಿನಲ್ಲಿ ದೊಡ್ಡವರು ಯಾರೋ ತಂದುಕೊಟ್ಟ ವಸ್ತುವೆಂಬ ಭಾವನೆ ಬೆಳೆಯುವುದು ಹೀಗೆ. ಬೆಂಗಳೂರಿನಿಂದ ನೂರು ಕಿಲೋಮೀಟರಿನೊಳಗೆ ಎರಡು ಊರುಗಳಿವೆ. ಮದ್ದೂರಿನ ಬಳಿಯ ಶಿವಪುರದಲ್ಲಿ ೧೯೩೮ರ ಏಪ್ರಿಲ್ ತಿಂಗಳಲ್ಲಿ, ನಿಷೇಧವನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ಕಾಂಗ್ರೆಸ್ಸಿನ ಧ್ವಜವನ್ನು ಏರಿಸಿ ಸೆರೆಯಾದರು. ಅದೇ ತಿಂಗಳ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತೆರಡು ಮಂದಿಯೆಂದು ಜನರ ಲೆಕ್ಕ. ಹತ್ತೆಂದು ಸರ್ಕಾರದ ಲೆಕ್ಕ. ಐದು ವರ್ಷದ ಮಗುವಿಗೆ ಗುಂಡಿನ ಕಥೆ ಬೇಡ. ಒಂದು ಬಟ್ಟೆಯನ್ನು ಕೋಲಿಗೆ ಕಟ್ಟಿ ಏರಿಸಕೂಡದೆಂಬ ಅಪ್ಪಣೆ ಈ ನಾಡಿನಲ್ಲಿತ್ತು, ಜನ ಏರಿಸಿಯೇ ಏರಿಸಿದರು ಎಂದಷ್ಟು ಸಾಕು. ಏಳು ವರ್ಷದವಳಿಗಾದರೆ ಎರಡು ಲೆಕ್ಕಗಳನ್ನೂ ಹೇಳಬಹುದು. ಒಂದೇ ದಿನದ ಸಂಗತಿಗೆ ಎರಡು ಲೆಕ್ಕ ಏಕಾಯಿತೆಂದು ಅವಳೇ ಕೇಳುವಳು. ಪತ್ರಿಕೆ ನಡೆಸುವ ನಮಗೆ ಆ ಪ್ರಶ್ನೆಯೇ ಬಹಳ ಪ್ರಿಯವಾದುದು.

ಇನ್ನೊಂದು ಸಂಗತಿಯನ್ನು ದೊಡ್ಡವರೇ ಮರೆತಿದ್ದಾರೆ. ೧೯೪೭ರ ಆಗಸ್ಟ್ ೧೫ರಂದು ಗೊಟ್ಟಿಗೆರೆಯಲ್ಲಿ ಸ್ವಾತಂತ್ರ್ಯ ಪೂರ್ತಿಯಾಗಿ ಬಂದಿರಲಿಲ್ಲ. ಬ್ರಿಟಿಷರು ಹೊರಟರು, ಆದರೆ ಮೈಸೂರು ಸಂಸ್ಥಾನದಲ್ಲಿ ಪ್ರಜೆಗಳಿಗೆ ಹೊಣೆಯಾದ ಸರ್ಕಾರವಿರಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ‘ಮೈಸೂರು ಚಲೋ’ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆ ಆ ಮಾತು ನೆರವೇರಿತು. ಇದನ್ನು ಕಂಡವರು ಈಗ ಎಂಬತ್ತೈದು ತೊಂಬತ್ತು ವರ್ಷ ದಾಟಿದವರು. ಗೊಟ್ಟಿಗೆರೆಯ ಹಳೆಯ ಊರಿನ ಬೀದಿಗಳಲ್ಲಿ ಅಂತಹ ಅಜ್ಜ ಅಜ್ಜಿಯರು ಇನ್ನೂ ಒಬ್ಬಿಬ್ಬರಾದರೂ ಇದ್ದಾರು. ಅವರನ್ನು ಹುಡುಕಿಕೊಂಡು ಹೋಗಿ, ಆಗ ನೀವು ಏನು ತಿನ್ನುತ್ತಿದ್ದಿರಿ, ನೀರು ಎಲ್ಲಿಂದ ತರುತ್ತಿದ್ದಿರಿ, ಬಸ್ಸು ಬರುತ್ತಿತ್ತೇ ಎಂದು ಮಕ್ಕಳೇ ಕೇಳಲಿ, ತಾಯಿ ಬರೆದುಕೊಳ್ಳಲಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಸ್ವಂತದ ಒಂದು ಕಾರಣವಿದೆ. ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಪ್ರತಿ ವರ್ಷವೂ ಆಗಸ್ಟ್ ೧೫ರಂದು ಹಿರಿಯರೊಬ್ಬರನ್ನು ಭಾಷಣಕ್ಕೆ ಕರೆಯುತ್ತಿದ್ದರು. ಬಿಳಿಯ ಟೋಪಿ, ಮಂಡಿಯವರೆಗಿನ ಪಂಚೆ; ಮಾತು ಬಹಳ ಮೆಲ್ಲಗೆ. ಅವರು ಹೇಳುತ್ತಿದ್ದುದು ಪ್ರತಿ ವರ್ಷವೂ ಒಂದೇ ಕಥೆಯೆಂದು ನಾವು ಹುಡುಗರು ನಗುತ್ತಿದ್ದೆವು. ನಮ್ಮ ಕಣ್ಣೆಲ್ಲ ಮೇಷ್ಟರ ಮೇಜಿನ ಮೇಲಿದ್ದ ಬೂಂದಿಯ ತಟ್ಟೆಯ ಮೇಲೆ. ಆ ಮಹನೀಯರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಅವರು ೧೯೪೨ರಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದವರೆಂದು ಬೇರೊಬ್ಬರಿಂದ ತಿಳಿಯಿತು. ಅವರ ಮಾತನ್ನು ಯಾರೂ ಬರೆದಿಟ್ಟಿರಲಿಲ್ಲ. ಒಂದೇ ಕಥೆಯನ್ನು ಹತ್ತು ಸಲ ಕೇಳಿದ ನಮಗೆ ಈಗ ಅದರ ತಲೆಬುಡ ನೆನಪಿಲ್ಲ. ಬೂಂದಿಯ ರುಚಿ ಮಾತ್ರ ನೆನಪಿದೆ.

ಹೊರಗೆ ಕರೆದುಕೊಂಡು ಹೋಗಬೇಕಾದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಎಲ್ಲರೂ ಹೋಗುವರು. ಹೋಗಲಿ, ಗಾಜಿನ ಮನೆಯ ಮುಂದಿನ ಜನಸಂದಣಿಯಲ್ಲಿ ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು. ಅದಕ್ಕಿಂತ ಅಲ್ಲಿಯ ಬಂಡೆಯನ್ನು ಹತ್ತಿಸುವುದು ಒಳ್ಳೆಯದು. ಸುಮಾರು ಮುನ್ನೂರು ಕೋಟಿ ವರ್ಷಗಳ ಹಿಂದಿನ ಕಲ್ಲು ಅದು. ತುದಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರ. ೧೯೨೮ರ ಬೇಸಗೆಯಲ್ಲಿ ಜವಾಹರಲಾಲರು ಅಲಹಾಬಾದಿನಲ್ಲಿದ್ದು, ಮಸ್ಸೂರಿಯ ಬೆಟ್ಟದಲ್ಲಿದ್ದ ಹತ್ತು ವರ್ಷದ ಮಗಳಿಗೆ ಪಾಠವಾಗಲೆಂದು ಕಾಗದಗಳನ್ನು ಬರೆದುದು ವಾಚಕರಿಗೆ ತಿಳಿದ ಸಂಗತಿ. ದೇಶ ಹೋರಾಟದಲ್ಲಿದ್ದ ಕಾಲ. ಬರೆದವರು ಹೋರಾಟದ ಮುಂದಾಳು. ಆದರೂ ಅವರು ಜಯಕಾರದಿಂದ ತೊಡಗದೆ, ಭೂಮಿ ಹೇಗೆ ಹುಟ್ಟಿತು, ನದಿಯ ಕಲ್ಲು ಹೇಗೆ ಉರುಟಾಯಿತು ಎಂಬುದರಿಂದ ತೊಡಗಿದರು.

ಅಷ್ಟು ದೂರ ಹೋಗಲೂ ಬೇಕಾಗಿಲ್ಲ. ಗೊಟ್ಟಿಗೆರೆ ಎಂಬ ಹೆಸರಿನಲ್ಲಿಯೇ ಕೆರೆಯುಂಟು. ಬನ್ನೇರುಘಟ್ಟ ರಸ್ತೆಯ ವಾಹನಗಳ ಅಬ್ಬರದಲ್ಲಿ ದಿನವೂ ಓಡಾಡುವ ಅಲ್ಲಿಯ ನಿವಾಸಿಗಳಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಆ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಈ ನೀರು ಎಲ್ಲಿಗೆ ಹೋಗುವುದು ಬಲ್ಲೆಯಾ ಎಂದು ಕೇಳಿದ್ದಾರೆ? ಕೇಳಬೇಕು. ನಮ್ಮ ಹಿರಿಯರು ಕೆರೆಯ ಕೆಳಗೆ ಕೆರೆಯನ್ನು ಸರಪಣಿಯಂತೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು. ಈ ಭಾಗದ ನೀರು ಹುಳಿಮಾವು ಮಡಿವಾಳಗಳ ಕಡೆಯ ಕೆರೆಗಳ ಸಾಲನ್ನು ಹಿಡಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿಯ ಅಣೆಕಟ್ಟನ್ನೂ ಕೃಷ್ಣಗಿರಿಯನ್ನೂ ದಾಟಿ ಕಡಲೂರಿನಲ್ಲಿ ಸಮುದ್ರವನ್ನು ಮುಟ್ಟುವುದು. ಮಗು ನಕ್ಷೆಯ ಮೇಲೆ ಬೆರಳಿಟ್ಟು ಆ ದಾರಿಯನ್ನು ಹಿಡಿದು ಹೋಗಲಿ. ನಾವು ಇಲ್ಲಿ ಚೆಲ್ಲಿದ ಸೋಪಿನ ನೀರಿನ ನೊರೆಯು ಕೆಲವರಪಳ್ಳಿಯಲ್ಲಿ ಬೆಟ್ಟದಂತೆ ಎದ್ದು ಅಲ್ಲಿಯ ರೈತನ ಹೊಲದ ಅಂಚಿಗೆ ಬರುವುದೆಂದು ತಿಳಿದರೆ, ಆ ರೈತ ಕನ್ನಡದವನೋ ತಮಿಳಿನವನೋ ಎಂಬ ಪ್ರಶ್ನೆ ಮಗುವಿಗೆ ಹುಟ್ಟುವುದೇ ಇಲ್ಲ. ೨೦೧೯ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ತಗ್ಗಿನ ಮನೆಗಳಿಗೆ ನೀರು ನುಗ್ಗಿದುದನ್ನು ಆ ಪ್ರದೇಶದವರು ಮರೆತಿರಲಾರರು. ಮೇಲಿನವರ ಅಜಾಗ್ರತೆಯು ಕೆಳಗಿನವರ ಮನೆಯೊಳಕ್ಕೆ ಬರುವುದೆಂಬ ಪೌರನೀತಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಇಷ್ಟೆಲ್ಲವನ್ನೂ ಮನೆಯವರು ಚೆನ್ನಾಗಿ ಮಾಡಬಲ್ಲರು. ನಲವತ್ತು ಮಕ್ಕಳ ತರಗತಿಯ ಉಪಾಧ್ಯಾಯರಿಗಿಂತ ಚೆನ್ನಾಗಿಯೇ ಮಾಡಬಲ್ಲರು. ಇನ್ನು ಅವರು ಮಾಡಲಾಗದ ಕಾರ್ಯದ ಮಾತು.

ಕಾಗದ ಬರೆದ ಮಹನೀಯರು ತಮ್ಮ ವಸತಿಸಮುಚ್ಚಯದ ಪಕ್ಕದಲ್ಲಿ ಹೊಸ ಕಟ್ಟಡವೊಂದು ಏಳುತ್ತಿರುವುದಾಗಿಯೂ, ಅದರ ಸದ್ದಿನಿಂದ ಮಕ್ಕಳ ಪಾಠಕ್ಕೆ ತೊಂದರೆಯಾಗುತ್ತಿರುವುದಾಗಿಯೂ ನಡುವೆ ಒಂದು ಮಾತನ್ನು ಬರೆದಿದ್ದಾರೆ. ಕಾಗದದಲ್ಲಿ ನಮ್ಮ ಮನಸ್ಸನ್ನು ಹಿಡಿದುದು ಆ ಮಾತೇ. ಕಟ್ಟಡವೆಂದ ಮೇಲೆ ಅದರ ಬುಡದಲ್ಲಿ ತಗಡಿನ ಶೆಡ್ಡುಗಳಿರುತ್ತವೆ. ಬೆಂಗಳೂರಿನ ಇಂತಹ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದವರು ವಾಸವಾಗಿರುವುದು ಎಲ್ಲರೂ ಕಂಡ ಸಂಗತಿ. ಅವರ ಜತೆಯಲ್ಲಿ ಮಕ್ಕಳೂ ಇರುವರು. ಏಳು ವರ್ಷದವಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಮರಳಿನ ರಾಶಿಯ ಬಳಿ ನಿಂತಿರುವುದನ್ನು ನಾವು ಎಷ್ಟು ಕಡೆಗಳಲ್ಲಿ ನೋಡಿಲ್ಲ! ಆ ಮಗುವೂ ಶಾಲೆಗೆ ಹೋಗುವುದಿಲ್ಲ. ಗೋಡೆಯ ಒಂದು ಕಡೆಯಲ್ಲಿ ತಂದೆತಾಯಿಗಳ ಇಷ್ಟದಿಂದ ಶಾಲೆಗೆ ಹೋಗದ ಮಗು. ಇನ್ನೊಂದು ಕಡೆಯಲ್ಲಿ ಮುಂದಿನ ತಿಂಗಳು ಯಾವ ಊರಿನಲ್ಲಿರುವೆನೆಂದು ತಿಳಿಯದೆ ಶಾಲೆಗೆ ಹೋಗಲಾಗದ ಮಗು. ಇಬ್ಬರಿಗೂ ವಯಸ್ಸು ಒಂದೇ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ.

ಇಂತಹ ಮಕ್ಕಳ ಅಜ್ಜ ಮುತ್ತಜ್ಜಂದಿರಿಗೆ ೧೯೪೭ರ ಆಗಸ್ಟ್ ೧೫ರಂದು ಸ್ವಾತಂತ್ರ್ಯ ಬರಲಿಲ್ಲ. ಆ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. ರಜಾಕಾರರ ಹಾವಳಿಯನ್ನು ಅನುಭವಿಸಿ, ಹದಿಮೂರು ತಿಂಗಳು ಕಾದು, ೧೯೪೮ರ ಸೆಪ್ಟೆಂಬರ್ ೧೭ರಂದು ಅವು ಬಿಡುಗಡೆಯಾದುವು. ಇಂದಿಗೂ ಆ ಭಾಗದಲ್ಲಿ ಆ ದಿನ ಧ್ವಜವನ್ನು ಏರಿಸುವರು. ಗೊಟ್ಟಿಗೆರೆಯ ಬಾಲಕಿಗೆ ಸ್ವಾತಂತ್ರ್ಯ ಎರಡು ಮೆಟ್ಟಿಲು ಹತ್ತಿ ಬಂದಿತೆಂದು ಮೇಲೆ ಹೇಳಿದೆವು. ಶೆಡ್ಡಿನ ಬಾಲಕಿಗೆ ಅದು ಬಂದ ದಾರಿ ಬೇರೆ, ದಿನವೂ ಬೇರೆ. ಇದನ್ನು ಹೇಳುವ ಹಾಳೆಯನ್ನು ಯಾವ ಗಣಕಯಂತ್ರವೂ ಅಚ್ಚು ಮಾಡಿಕೊಡಲಾರದು. ಇಬ್ಬರು ಮಕ್ಕಳು ಒಂದು ಕಡೆ ಕುಳಿತರೆ, ನಿಮ್ಮೂರು ಯಾವುದೆಂಬ ಒಂದು ಪ್ರಶ್ನೆಯಿಂದ ತಾನಾಗಿ ಹೊರಡುವುದು.

ಶಾಲೆಯಲ್ಲಿ ನೂರು ದೋಷಗಳಿವೆ. ನಾವು ಓದಿದ ಪಾಠಶಾಲೆಯಲ್ಲಿ ಸ್ವಾತಂತ್ರ್ಯ ದಿನದಂದು ಎರಡು ಗಂಟೆಯ ಕಾಲ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ಬವಳಿ ಬಂದು ಬಿದ್ದ ಹುಡುಗರೂ ಉಂಟು. ಆದರೂ ಆ ಸಾಲಿನಲ್ಲಿ ನಮ್ಮ ಎಡಗಡೆ ಗಾಡಿ ಹೊಡೆಯುವವನ ಮಗನಿದ್ದನು, ಬಲಗಡೆ ಶ್ಯಾನುಭೋಗರ ಮಗನಿದ್ದನು, ಹಿಂದುಗಡೆ ಪಿಂಜಾರರ ಹುಡುಗನಿದ್ದನು. ಊರಿನ ಬೇರೆ ಯಾವ ಸಾಲಿನಲ್ಲಿಯೂ ಆ ನಾಲ್ವರು ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತವರಲ್ಲ. ಭಾಷಣ ಮರೆತುಹೋಯಿತು, ಸಾಲು ಮರೆಯಲಿಲ್ಲ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದೂಸ್ತಾನಿ ಸೇವಾ ದಳವನ್ನು ಕಟ್ಟಿ, ತಿಂಗಳ ಕೊನೆಯ ಭಾನುವಾರ ಧ್ವಜವಂದನೆಯನ್ನು ರೂಢಿಗೆ ತಂದಾಗ, ಬೇರೆ ಬೇರೆ ಕೇರಿಯವರು ಒಂದು ಸಾಲಿನಲ್ಲಿ ನಿಂತು ಕಲಿಯಲೆಂಬುದೇ ಅದರ ಒಂದು ಫಲವಾಗಿತ್ತು. ಮನೆಯಲ್ಲಿ ಕಲಿಯುವ ಮಗುವಿಗೆ ಎಲ್ಲವೂ ಉಂಟು. ಆ ಸಾಲು ಒಂದು ಇಲ್ಲ.

ಗಾಂಧೀಜಿಯವರು ಕೊಟ್ಟ ಮನೆಪಾಠವು ಸಾಲದಾಯಿತೆಂಬ ಅಸಮಾಧಾನ ಅವರ ಮಕ್ಕಳಲ್ಲಿ ಉಳಿಯಿತು. ಆ ಸಂಗತಿಯನ್ನು ಅವರೇ ಆತ್ಮಕಥೆಯಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ. ಅಂತಹವರಿಗೇ ಹೀಗಾಯಿತೆಂದ ಮೇಲೆ ನಮ್ಮ ನಿಮ್ಮ ಮಾತೇನು? ಆದರೂ ಫೀನಿಕ್ಸ್, ಟಾಲ್‌ಸ್ಟಾಯ್ ಫಾರಂಗಳಲ್ಲಿ ಅವರ ಮಕ್ಕಳು ಒಂಟಿಯಾಗಿ ಬೆಳೆಯಲಿಲ್ಲ. ಟಾಲ್‌ಸ್ಟಾಯ್ ಫಾರಂನಲ್ಲಿ ಹಿಂದೂ, ಮುಸಲ್ಮಾನ, ಪಾರ್ಸ್ಯ, ಕ್ರೈಸ್ತ ಮಕ್ಕಳೊಡನೆ ಕಲಿತರು, ಗುಂಡಿ ತೋಡಿದರು, ಉಂಡರು. ಬಾಗಿಲು ಹಾಕಿದ ಮನೆಯಲ್ಲ ಅದು.

ಆದಕಾರಣ ನಮ್ಮ ಸೂಚನೆ ಇಷ್ಟೆ. ಆಗಸ್ಟ್ ೧೫ರ ಬೆಳಗ್ಗೆ ಮಕ್ಕಳನ್ನು ವಸತಿಸಮುಚ್ಚಯದ ಅಂಗಳದ ಧ್ವಜಾರೋಹಣಕ್ಕೆ ಮಾತ್ರ ನಿಲ್ಲಿಸದೆ, ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ನಡೆಸಿಕೊಂಡು ಹೋಗಿರಿ. ಕಾಯಿದೆಯಲ್ಲಿರುವ ‘ನೆರೆಹೊರೆಯ ಶಾಲೆ’ ಅದೇ. ಸಾಧ್ಯವಾದರೆ ಹಿಂದಿನ ದಿನವೇ ಶೆಡ್ಡಿನವರನ್ನು ಕಂಡು, ಅವರ ಮಕ್ಕಳನ್ನೂ ಜತೆಯಲ್ಲಿ ಕರೆದುಕೊಂಡು ಹೋಗಲು ಅಪ್ಪಣೆ ಕೇಳಿರಿ. ಕೇಳುವುದು ಮುಖ್ಯ, ಅವರೂ ತಂದೆತಾಯಿಗಳು. ನಿಮ್ಮ ಮಕ್ಕಳು ಮಡಿಸಿದ ಚಕ್ರಗಳನ್ನು ಅಲ್ಲಿಯ ಮಕ್ಕಳಿಗೆ ತೋರಿಸಲಿ. ಅಲ್ಲಿಯ ಮಕ್ಕಳು ಕವಾಯತನ್ನು ಇವರಿಗೆ ಕಲಿಸಲಿ. ರಾಷ್ಟ್ರಗೀತೆಗೆ ಐವತ್ತೆರಡು ಸೆಕೆಂಡು ಹಿಡಿಯುವುದು. ಅಷ್ಟು ಹೊತ್ತು ಐದು ವರ್ಷದವನು ನೆಟ್ಟಗೆ ನಿಂತರೆ ದೊಡ್ಡದು, ನಿಲ್ಲದಿದ್ದರೆ ಗದರಿಸಬೇಡಿರಿ.

ಧೂಳು, ಕೆಮ್ಮು, ಒರಟು ಮಾತು ಇವೆಲ್ಲ ಅಂಟಿಕೊಳ್ಳುವುವೆಂದು ಕೆಲವರು ಹೆದರಬಹುದು. ಕೆಮ್ಮು ಬಂದರೆ ಹೋಗುತ್ತದೆ. ರಾಯಚೂರಿನ ಕನ್ನಡ ಅಂಟಿಕೊಂಡರೆ ಲಾಭವೇ. ಹನ್ನೆರಡನೆಯ ಮಹಡಿಯಲ್ಲಿ ಇಂಗ್ಲಿಷಿನಲ್ಲಿ ಸ್ವಾತಂತ್ರ್ಯದ ಪಾಠ ಕೇಳಿ ಬೆಳೆದು, ಕೆಳಗಿನವರನ್ನು ಕಾವಲುಗಾರನ ಮೂಲಕ ಮಾತ್ರ ಮಾತಾಡಿಸಬಲ್ಲವನಾದರೆ, ಆ ಹುಡುಗ ಧ್ವಜದ ಅಳತೆಗಳನ್ನೆಲ್ಲ ಬಾಯಿಪಾಠ ಹೇಳಿದರೂ ನಮಗೆ ಸಮಾಧಾನವಾಗದು.

ಅಧಿಕಾರಿಗಳಿಗೂ ಒಂದು ಮಾತು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವನ್ನು ಒಳಕ್ಕೆ ಬಿಡಲು ಅನುಮಾನಿಸುವುದುಂಟು. ಏನಾದರೂ ಆದರೆ ಹೊಣೆ ಯಾರೆಂಬ ಭಯ ಅವರಿಗೆ ಸಹಜ. ಕ್ಷೇತ್ರ ಶಿಕ್ಷಣಾಧಿಕಾರಿಗಳು ರಾಷ್ಟ್ರೀಯ ಹಬ್ಬಗಳ ದಿನಗಳಲ್ಲಿ, ಅಂದರೆ ಜನವರಿ ೨೬, ಆಗಸ್ಟ್ ೧೫, ಅಕ್ಟೋಬರ್ ೨ರಂದು, ಹಾಗೆಯೇ ನಮ್ಮ ನವೆಂಬರ್ ೧ರಂದು, ನೆರೆಹೊರೆಯ ಯಾವ ಮಗುವಾದರೂ ತಂದೆತಾಯಿಗಳೊಡನೆ ಬಂದರೆ ಸಾಲಿನಲ್ಲಿ ಸೇರಿಸಿಕೊಳ್ಳತಕ್ಕದ್ದೆಂದು ಒಂದು ಸುತ್ತೋಲೆಯನ್ನು ಹೊರಡಿಸಿದರೆ ಆ ಭಯ ನೀಗುವುದು. ಇದಕ್ಕೆ ಹಣ ಬೇಡ, ಮಂಜೂರಾತಿ ಬೇಡ. ಅರ್ಧ ಹಾಳೆಯ ಕಾಗದ ಸಾಕು. ಶೆಡ್ಡಿನ ಮಗು ಹೀಗೆ ಒಂದು ದಿನ ಗೇಟಿನೊಳಕ್ಕೆ ಬಂದರೆ, ಅದರ ಹೆಸರನ್ನು ಕೇಳಿ ಹಾಜರಿಗೆ ಸೇರಿಸಿಕೊಳ್ಳುವುದು ಉಪಾಧ್ಯಾಯರಿಗೆ ಎಷ್ಟು ಸುಲಭವಾದೀತೆಂಬುದನ್ನೂ ಇಲಾಖೆಯವರು ಯೋಚಿಸಬೇಕು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕುವ ಸಮೀಕ್ಷೆಗಳಿಗೆ ಅವರು ಪಡುವ ಶ್ರಮವನ್ನು ನಾವು ಬಲ್ಲೆವು.

ಮಾರನೆಯ ದಿನಕ್ಕೂ ಒಂದು ಕೆಲಸವುಂಟು. ಆಗಸ್ಟ್ ೧೬ರ ಬೆಳಗ್ಗೆ ಬನ್ನೇರುಘಟ್ಟ ರಸ್ತೆಯ ಪಕ್ಕದ ಮೋರಿಗಳಲ್ಲಿ ಹಿಂದಿನ ದಿನದ ಕಾಗದದ ಧ್ವಜಗಳು, ನಿಯಮಕ್ಕೆ ವಿರುದ್ಧವಾಗಿಯೂ ಮಾರಾಟವಾಗುವ ಪ್ಲಾಸ್ಟಿಕ್ಕಿನ ಧ್ವಜಗಳು ಬಿದ್ದಿರುತ್ತವೆ. ಕಾಗದದ ಧ್ವಜವನ್ನು ನೆಲಕ್ಕೆ ಎಸೆಯಬಾರದೆಂದೂ, ಕೆಟ್ಟುಹೋದುದನ್ನು ಮರ್ಯಾದೆಗೆ ಕುಂದು ಬಾರದಂತೆ ಏಕಾಂತದಲ್ಲಿ ವಿಲೇವಾರಿ ಮಾಡಬೇಕೆಂದೂ ೨೦೦೨ರ ಧ್ವಜ ಸಂಹಿತೆಯು ವಿಧಿಸಿದೆ. ಎರಡು ಮನೆಯ ಮಕ್ಕಳು ಒಂದು ಚೀಲವನ್ನು ಹಿಡಿದು, ದೊಡ್ಡವರೊಬ್ಬರ ಜತೆಯಲ್ಲಿ ಅರ್ಧ ಮೈಲಿ ನಡೆದು ಅವುಗಳನ್ನು ಆಯ್ದು ತರಲಿ. ವಾಹನಗಳಿರುವ ರಸ್ತೆಯಾದುದರಿಂದ ಕಾಲುದಾರಿಯನ್ನು ಬಿಟ್ಟು ಇಳಿಯಕೂಡದು. ಎಷ್ಟು ಸಿಕ್ಕಿದುವೆಂದು ಲೆಕ್ಕವಿಟ್ಟು ನಮಗೆ ಬರೆದು ತಿಳಿಸಿದರೆ ಪ್ರಕಟಿಸುತ್ತೇವೆ.

ಮಹಾಶಯರು ಕಳುಹಿಸಿದ ಹಾಳೆಗಳನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿದ್ದೇವೆ. ಅವುಗಳ ಒಂದು ಮಗ್ಗುಲು ಖಾಲಿಯಿದೆ. ಚಕ್ರಗಳನ್ನು ಕತ್ತರಿಸಿ ಮಡಿಸಲು ಆಗುವುದು. ಶೆಡ್ಡಿನ ಮಕ್ಕಳಿಗೂ ಸೇರಿಸಿ ಲೆಕ್ಕ ಹಾಕಿದರೆ ಇನ್ನೂ ಹತ್ತು ಹಾಳೆ ಬೇಕಾದೀತು.